ತುಂಡಿನ ದಪ್ಪ, ಗಾಳಿಯ ಲೆಕ್ಕ

ಇಟಲಿಯ ಪಾರ್ಮಾ ಸೀಮೆಯಲ್ಲಿ ಹಂದಿಯ ಹಿಂದೊಡೆಯನ್ನು ಮೂಳೆಸಮೇತ ಇಡಿಯಾಗಿ ಉಪ್ಪಿಗೆ ಹಾಕುತ್ತಾರೆ. ನಮ್ಮ ಕಲಬುರಗಿ ಸೀಮೆಯ ಆಳಂದ, ಅಫಜಲಪುರ, ಜೇವರ್ಗಿಗಳ ಕಡೆ ಖಂಡ ಒಣಗಿಸುವವರು ಅದನ್ನು ಬೆರಳಗಲ ಪಟ್ಟಿಗಳಾಗಿ ಸೀಳಿ, ಉಪ್ಪು ಅರಿಶಿಣ ಸವರಿ ಹಗ್ಗದ ಮೇಲೆ ಹಾಕುತ್ತಾರೆ. ಮೊದಲನೆಯದಕ್ಕೆ ಪ್ರೋಶುಟ್ಟೊ ಎಂಬ ಹೆಸರಿದೆ, ಪಂಚತಾರಾ ಹೋಟೆಲಿನ ತಟ್ಟೆಯಲ್ಲಿ ಜಾಗವಿದೆ. ಎರಡನೆಯದಕ್ಕೆ ಓಣಿಯಲ್ಲಿ ಮೂಗು ಮುಚ್ಚಿಕೊಳ್ಳುವವರೇ ಹೆಚ್ಚು. ಒಂದು ಕಲೆ, ಇನ್ನೊಂದು ಬಡವರ ಅನಿವಾರ್ಯ ಎಂದು ಇವೆರಡನ್ನೂ ಬೇರೆಬೇರೆ ಕಪಾಟಿನಲ್ಲಿ ಇಡುವುದು ರೂಢಿ. ಆದರೆ ಎರಡರ ಹಿಂದೆಯೂ ಇರುವುದು ಒಂದೇ ಲೆಕ್ಕ: ಊರಿನ ಗಾಳಿ ಎಷ್ಟು ಒಣ, ಎಷ್ಟು ಬಿಸಿ ಎಂಬುದನ್ನು ನೋಡಿ ತುಂಡಿನ ದಪ್ಪವನ್ನು ನಿಶ್ಚಯಿಸುವುದು. ಈ ಲೆಕ್ಕ ತಿಳಿದವರಿಗೆ ಭೀಮಾ ತೀರದ ಅಡುಗೆಮನೆಯಲ್ಲೂ ಇಟಲಿಯ ಬಗೆಯ ಹಂದಿಮಾಂಸ ಹದಮಾಡಲು ಸಾಧ್ಯ. ತಿಳಿಯದೆ ಪಾಕವಿಧಾನವನ್ನಷ್ಟೇ ನಕಲು ಮಾಡಿದರೆ ಕೈಗೆ ಬರುವುದು ಕೊಳೆತ ಮಾಂಸ.

ಉಪ್ಪಿನ ಕೆಲಸ ಸರಳವಾದದ್ದು. ಅದು ಮಾಂಸದೊಳಗಿನ ನೀರನ್ನು ಹೊರಗೆಳೆಯುತ್ತದೆ, ಒಳಗೆ ಉಳಿದ ನೀರು ಸೂಕ್ಷ್ಮಜೀವಿಗಳಿಗೆ ದಕ್ಕದಂತೆ ಕಟ್ಟಿಹಾಕುತ್ತದೆ. ಆರೋಗ್ಯವಂತ ಪ್ರಾಣಿಯ ಇಡೀ ಸ್ನಾಯುವಿನ ಒಳಭಾಗ ಬಹುಮಟ್ಟಿಗೆ ಶುದ್ಧವಾಗಿಯೇ ಇರುತ್ತದೆ, ಕೆಡುವುದು ಮೇಲ್ಮೈಯಿಂದ ಮತ್ತು ಮೂಳೆಯ ಸಂದಿನಿಂದ. ಉಪ್ಪು ಮೂಳೆಯ ತನಕ ಇಳಿಯಬೇಕು, ಇಳಿಯುವಷ್ಟು ದಿನ ಮಾಂಸ ಕೆಡದೆ ಕಾಯಬೇಕು. ಇಡೀ ತೊಡೆಯ ಕಷ್ಟವೆಲ್ಲ ಇಲ್ಲಿದೆ. ಕ್ರಿಸ್ತಪೂರ್ವ ಎರಡನೆಯ ಶತಮಾನದ ರೋಮನ್ ಲೇಖಕ ಕೇಟೋ ತನ್ನ ಬೇಸಾಯದ ಪುಸ್ತಕದಲ್ಲಿ ಇದರ ಕ್ರಮವನ್ನು ಬರೆದಿಟ್ಟಿದ್ದಾನೆ: ತೊಡೆಗಳನ್ನು ಹರವಿಯಲ್ಲಿ ಉಪ್ಪಿನ ಪದರಗಳ ನಡುವೆ ಜೋಡಿಸು, 5 ದಿನಕ್ಕೆ ತೆಗೆದು ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಇಡು, 12 ದಿನ ತುಂಬಿದ ಮೇಲೆ ಉಪ್ಪು ಒರೆಸಿ ಗಾಳಿಗೆ ತೂಗುಹಾಕು, ಎಣ್ಣೆ ಸವರಿ ಹೊಗೆ ಕೊಡು. ಎರಡು ಸಾವಿರ ವರ್ಷ ಕಳೆದರೂ ಕ್ರಮದ ಬೆನ್ನೆಲುಬು ಬದಲಾಗಿಲ್ಲ.

ಪಾರ್ಮಾದವರು ಈ ಕ್ರಮವನ್ನು ತಾಳ್ಮೆಯ ತುದಿಗೆ ಒಯ್ದರು. ಪಾರ್ಮಾ ನದಿಯ ಕಣಿವೆಯಲ್ಲಿರುವ ಲಾಂಗಿರಾನೊ ಈ ಉದ್ಯಮದ ತವರು. ತಯಾರಕರ ಒಕ್ಕೂಟ ಹುಟ್ಟಿದ್ದು 1963ರಲ್ಲಿ. ಅದರ ಗುರುತು ತೊಡೆಯ ಚರ್ಮದ ಮೇಲೆ ಸುಟ್ಟು ಒತ್ತುವ ಐದು ಮೊನೆಯ ಕಿರೀಟ. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದಂತೆ, ಅವರ ತೊಡೆಗೆ 1996ರಲ್ಲಿ ಯುರೋಪಿಯನ್ ಒಕ್ಕೂಟದ ಅಂಥದೇ ರಕ್ಷಣೆ ಸಿಕ್ಕಿತು. ಹಾಕುವುದು ಉಪ್ಪು ಮಾತ್ರ. ಚರ್ಮದ ಕಡೆಗೆ ಒದ್ದೆ ಉಪ್ಪು, ಮಾಂಸದ ಕಡೆಗೆ ಒಣ ಉಪ್ಪು. ಒಂದು ವಾರದ ಬಳಿಕ ತೆಳುವಾಗಿ ಇನ್ನೊಂದು ಸಲ. ಆಮೇಲೆ ತಣ್ಣನೆಯ ಕೋಣೆಯಲ್ಲಿ ಎರಡು ತಿಂಗಳಿಗೂ ಹೆಚ್ಚಿನ ವಿಶ್ರಾಂತಿ, ತೊಳೆದು ಗಾಳಿಗೆ ತೂಗುಹಾಕುವುದು, ಬಯಲಾಗಿ ಉಳಿದ ಮಾಂಸದ ಭಾಗಕ್ಕೆ ಹಂದಿಕೊಬ್ಬಿನ ಲೇಪ. ಈಗಿನ ನಿಯಮದಂತೆ ಕನಿಷ್ಠ 14 ತಿಂಗಳು. ಕೊನೆಗೆ ಪರೀಕ್ಷಕ ಕುದುರೆ ಮೂಳೆಯ ಸೂಜಿಯನ್ನು ಕೆಲವು ಗೊತ್ತಾದ ಜಾಗಗಳಲ್ಲಿ ಚುಚ್ಚಿ ಮೂಸುತ್ತಾನೆ. ಆ ಮೂಳೆ ವಾಸನೆಯನ್ನು ತಟ್ಟನೆ ಹೀರುತ್ತದೆ, ಅಷ್ಟೇ ಬೇಗ ಬಿಟ್ಟುಕೊಡುತ್ತದೆ. ಹಾಗಾಗಿ ಒಂದೇ ಸೂಜಿಯಿಂದ ಸಾಲುಸಾಲು ತೊಡೆಗಳನ್ನು ನೋಡಬಹುದು.

ಕೊಬ್ಬಿನ ಆ ಲೇಪದ ಬಗ್ಗೆ ತುಸು ನಿಂತು ಯೋಚಿಸಬೇಕು. ಒಣಗಿಸುವುದೇ ಗುರಿಯಾಗಿದ್ದರೆ ಒಣಗದಂತೆ ಕೊಬ್ಬು ಮೆತ್ತುವುದೇಕೆ? ಮೇಲ್ಮೈ ಬೇಗ ಒಣಗಿಬಿಟ್ಟರೆ ಅಲ್ಲೊಂದು ಗಟ್ಟಿ ಚಕ್ಕಳ ಕಟ್ಟುತ್ತದೆ, ಒಳಗಿನ ನೀರಿಗೆ ಹೊರಬರುವ ದಾರಿ ಮುಚ್ಚುತ್ತದೆ. ಮುಟ್ಟಿದರೆ ಹೊರಗೆ ಮರದ ತುಂಡು, ಕೊಯ್ದರೆ ನಡುವೆ ಹಸಿ, ಹುಳಿ, ನಾತ. ಇಟಲಿಯವರ ಕಸುಬಿನ ಜಾಣತನವೆಲ್ಲ ಒಣಗಿಸುವುದಕ್ಕಿಂತ ಬೇಗ ಒಣಗದಂತೆ ತಡೆಯುವುದರಲ್ಲಿದೆ. ದಪ್ಪ ತುಂಡಿಗೆ ತಂಪು ಬೇಕು, ಗಾಳಿಯಲ್ಲಿ ಸಾಕಷ್ಟು ತೇವವೂ ಬೇಕು: ಮನೆಯಲ್ಲಿ ಹದಮಾಡುವವರು ಸಾಮಾನ್ಯವಾಗಿ ಹೇಳುವುದು 12ರಿಂದ 15 ಡಿಗ್ರಿ ಸೆಲ್ಸಿಯಸ್, ಶೇ 70ರಿಂದ 80ರಷ್ಟು ಆರ್ದ್ರತೆ.

ಈ ಅಂಕಿಗಳನ್ನು ಹಿಡಿದುಕೊಂಡು ಜೇವರ್ಗಿಯ ಮಾಳಿಗೆ ಹತ್ತಿದರೆ ಏನಾಗುತ್ತದೆ? ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಪಾದರಸ 40 ದಾಟುವುದು ಸಾಮಾನ್ಯ, ಮಧ್ಯಾಹ್ನದ ಗಾಳಿಯಲ್ಲಿ ತೇವವೆಂಬುದು ಹೆಸರಿಗಷ್ಟೇ. ಅಂಥ ಗಾಳಿಗೆ ಇಡೀ ತೊಡೆ ತೂಗುಹಾಕಿದರೆ ಒಂದು ದಿನದಲ್ಲೇ ಮೇಲೆ ಚಕ್ಕಳ ಕಟ್ಟುತ್ತದೆ, ಮರುದಿನಕ್ಕೆ ಒಳಗೆ ಕೊಳೆ. ಅದೇ ಗಾಳಿಗೆ ಬೆರಳಗಲದ ತೆಳು ಪಟ್ಟಿ ಹಾಕಿದರೆ? ಪಟ್ಟಿಗೆ ಒಳಗು ಎಂಬುದೇ ಇಲ್ಲ. ಕೆಡುವುದಕ್ಕೆ ಪುರುಸೊತ್ತು ಸಿಗುವ ಮೊದಲೇ ಅದು ಎರಡು ಮೂರು ಬಿಸಿಲಿಗೆ ಕಟಕಟ ಮುರಿಯುವಂತಾಗುತ್ತದೆ. ಪಾರ್ಮಾದಲ್ಲಿ ಶತ್ರುವಾದ ಒಣಹವೆ ಇಲ್ಲಿ ಬಂಟನಾಗುತ್ತದೆ. ಈ ಸೀಮೆಯ ಹೆಂಗಸರು ಸಂಡಿಗೆ, ಹಪ್ಪಳ, ಕುರಡಿಗಿಗಳನ್ನು ಬೇಸಿಗೆಗೇ ಮೀಸಲಿಟ್ಟದ್ದು, ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು ಖಡಕ್ ಮಾಡಿ ತಿಂಗಳುಗಟ್ಟಲೆ ಇಡುವುದು, ಎಲ್ಲದರಲ್ಲೂ ಇದೇ ತಿಳಿವಳಿಕೆ: ಬಿಸಿಲು ಜೋರಿದ್ದಲ್ಲಿ ಪದಾರ್ಥ ತೆಳುವಾಗಬೇಕು.

ಮಾಂಸದಲ್ಲೂ ಈ ತಿಳಿವಳಿಕೆ ಒಂದು ಜಾತಿಯ, ಒಂದು ಮತದ ಸೊತ್ತಾಗಿರಲಿಲ್ಲ. ಆಳಂದಕ್ಕೆ ಅಂಟಿಕೊಂಡಿರುವ ಮರಾಠವಾಡದ ದಲಿತ ಕೇರಿಗಳಲ್ಲಿ ಉಪ್ಪು ಹಚ್ಚಿ ಒಣಗಿಸಿದ ಪಟ್ಟಿಗಳಿಗೆ ಚಾನ್ಯಾ ಎನ್ನುತ್ತಾರೆ. ಶಾಹು ಪಾಟೋಳೆ ಅವರ ಮರಾಠಿ ಪುಸ್ತಕ 'ಅನ್ನ ಹೇ ಅಪೂರ್ಣಬ್ರಹ್ಮ' (2015) ಈ ಅಡುಗೆಯನ್ನು ಮೊದಲ ಬಾರಿಗೆ ವಿಸ್ತಾರವಾಗಿ ದಾಖಲಿಸಿತು. ಅನ್ನ ಪೂರ್ಣಬ್ರಹ್ಮ ಎನ್ನುವ ಜನಪ್ರಿಯ ಮಾತಿಗೆ ಒಂದೇ ಅಕ್ಷರ ಸೇರಿಸಿ ಅವರು ಕೊಟ್ಟ ಪೆಟ್ಟು ಹೆಸರಿನಲ್ಲೇ ಇದೆ. ಹಿಂದಿನ ಹೈದರಾಬಾದ್ ಸಂಸ್ಥಾನದ ಸೀಮೆಯ ಮುಸ್ಲಿಂ ಮನೆಗಳಲ್ಲಿ ಬಕ್ರೀದಿನ ಮರುದಿನಗಳಲ್ಲಿ ಹಗ್ಗದ ಮೇಲೆ ಒಣಗುವ ಸೂಖಾ ಗೋಷ್ತ್, ದಕ್ಷಿಣ ಕರ್ನಾಟಕದ ಕೊರಬಾಡು, ಇವೂ ಅದೇ ಕುಲದವು. ಕೊಡಗಿನಲ್ಲಿ ಮಾತ್ರ ದಾರಿ ಬೇರೆ. ಅಲ್ಲಿನ ಮಳೆಗೆ ಬಿಸಿಲನ್ನು ನೆಚ್ಚುವಂತಿಲ್ಲ, ಆದ್ದರಿಂದ ಮಾಂಸ ಒಲೆಯ ಮೇಲಿನ ಹೊಗೆಗೆ ಏರಿತು. ಗೋವಾದ ತೇವದ ಕರಾವಳಿಯಲ್ಲಿ ಹಂದಿಯ ಚೋರಿಸೊಗೆ ಖಾರದ ಜತೆ ವಿನೆಗರ್ ಬೇಕಾಯಿತು. ಪೋರ್ಚುಗೀಸರು ತಂದ ಹೆಸರಾದರೂ ಹುಳಿ ಹಾಕಿಸಿದ್ದು ಅಲ್ಲಿನ ಹವೆ.

ಹಾಗಾದರೆ ಹಂದಿಯನ್ನೂ ಪಟ್ಟಿ ಸೀಳಿ ಬಿಸಿಲಿಗೆ ಹಾಕಿದರೆ ಆಯಿತಲ್ಲ, ಇಟಲಿ ಯಾಕೆ ಎಂದು ಕೇಳಬಹುದು. ಅರ್ಧಕ್ಕೆ ಸರಿ. ಬಿಸಿಲು ಒಪ್ಪುವುದು ಕೊಬ್ಬಿಲ್ಲದ ಖಂಡಕ್ಕೆ. ಹಂದಿಯ ರುಚಿ ಇರುವುದೇ ಕೊಬ್ಬಿನಲ್ಲಿ, ಆ ಕೊಬ್ಬು ಬಿಸಿಲು ಕಂಡರೆ ಕಮಟು ಹಿಡಿಯುತ್ತದೆ. ಅದಕ್ಕೆ ಕತ್ತಲೆ ಬೇಕು, ತಂಪು ಬೇಕು. ಇಲ್ಲಿ ಇಟಲಿಯವರ ಅನುಭವ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಬೆನ್ನಿನ ಮತ್ತು ತೊಡೆಯ ಕೊಬ್ಬಿಲ್ಲದ ಭಾಗ ಭೀಮೆಯ ಬಿಸಿಲಿಗೆ, ಸೊಳ್ಳೆಪರದೆಯ ಮರೆಯಲ್ಲಿ. ಹೊಟ್ಟೆಯ ಪದರ ಮತ್ತು ಕೆನ್ನೆಯ ಮಾಂಸ ಇಟಲಿಯ ದಾರಿಗೆ. ಹೊಟ್ಟೆಯದನ್ನು ಅವರು ಪಾಂಚೆತ್ತಾ ಎನ್ನುತ್ತಾರೆ, ಕೆನ್ನೆಯದನ್ನು ಗ್ವಾಂಚಾಲೆ. ಎರಡೂ ಚಪ್ಪಟೆ, ಮೂಳೆಯಿಲ್ಲ, ಸಾಮಾನ್ಯವಾಗಿ ಬೇಯಿಸಿಯೇ ತಿನ್ನುವಂಥವು. ಮನೆಯಲ್ಲಿ ಕಲಿಯುವವರಿಗೆ ಇವೇ ಸರಿ. ಸಲಾಮಿಯನ್ನು ಮುಟ್ಟಬಾರದು: ಮಾಂಸವನ್ನು ಕೊಚ್ಚಿದಾಗ ಹೊರಗಿನ ಸೂಕ್ಷ್ಮಜೀವಿಗಳೆಲ್ಲ ಒಳಗೆ ಬೆರೆತುಹೋಗುತ್ತವೆ. ಬಾಟ್ಯುಲಿಸಂ ಎಂಬ ಮಾರಕ ವಿಷಬಾಧೆಯ ಹೆಸರೇ ಸಾಸೇಜಿನ ಲ್ಯಾಟಿನ್ ಪದದಿಂದ ಬಂದದ್ದು.

ನಮಗೆ ಚಳಿಗಾಲವೇ ಇಲ್ಲ ಎಂಬ ಆಕ್ಷೇಪಕ್ಕೆ ಉತ್ತರ ಸುಲಭ. ಲಾಂಗಿರಾನೊದಲ್ಲೂ ಈಗ ಉಪ್ಪು ಹಾಕುವ ಹಂತಕ್ಕೆ ಚಳಿಗಾಲವನ್ನು ಯಾರೂ ಕಾಯುವುದಿಲ್ಲ, 1ರಿಂದ 4 ಡಿಗ್ರಿಯ ಯಂತ್ರದ ಕೋಣೆಗಳಿವೆ. ಅವರು ಚಳಿಯನ್ನು ಯಂತ್ರದಿಂದ ತಂದರೆ ನಮ್ಮ ಮನೆಯ ಫ್ರಿಜ್ಜಿಗೂ ಅದು ಬರುತ್ತದೆ. ಒಂದು ಕಿಲೋ ಹೊಟ್ಟೆಮಾಂಸಕ್ಕೆ 28ರಿಂದ 30 ಗ್ರಾಂ ಉಪ್ಪು, ತೂಗಿಯೇ ಹಾಕಬೇಕು, ಚಮಚದ ಅಂದಾಜು ಬೇಡ. ಕರಿಮೆಣಸು, ತುಸು ಬಡೇಸೋಪು. ಗಾಳಿಯಾಡದ ಚೀಲದಲ್ಲಿ ಫ್ರಿಜ್ಜಿನ ತಳದಲ್ಲಿಟ್ಟು ದಿನಕ್ಕೊಮ್ಮೆ ಮಗುಚುತ್ತ ಒಂದು ವಾರದಿಂದ ಹತ್ತು ದಿನ. ಉಪ್ಪು ಅಳೆದು ಹಾಕಿದ್ದರಿಂದ ದಿನ ಒಂದೆರಡು ಹೆಚ್ಚಾದರೂ ಉಪ್ಪುಪ್ಪಾಗುವುದಿಲ್ಲ. ಮೇಲಿನದನ್ನು ಒರೆಸಿ, ತೂಗಿ, ತೆಳು ಬಟ್ಟೆ ಸುತ್ತಿ ಫ್ರಿಜ್ಜಿನಲ್ಲೇ ತೂಗುಹಾಕಬೇಕು. ಫ್ರಿಜ್ಜಿನೊಳಗಿನ ಗಾಳಿಯೂ ಒಣ, ಆ ಬಟ್ಟೆ ಇಲ್ಲಿ ಪಾರ್ಮಾದ ಕೊಬ್ಬಿನ ಲೇಪದ ಕೆಲಸ ಮಾಡುತ್ತದೆ. ಸಾವಿರ ಗ್ರಾಂ ಏಳುನೂರಕ್ಕೆ ಇಳಿದಾಗ ಕೆಲಸ ಮುಗಿದಂತೆ. ಇದಕ್ಕೆ ಸಾಮಾನ್ಯವಾಗಿ ಮೂರರಿಂದ ಐದು ವಾರ. ಬೇಸಿಗೆಯಲ್ಲಿ ಕರೆಂಟು ಕೈಕೊಟ್ಟರೆ ಇಡೀ ಲೆಕ್ಕ ತಪ್ಪುತ್ತದೆ. ಆದ್ದರಿಂದ ಎಳ್ಳಮವಾಸಿಯ ಆಸುಪಾಸು, ರಾತ್ರಿಯ ಚಳಿ ತಕ್ಕಮಟ್ಟಿಗೆ ಇರುವಾಗ ಶುರು ಮಾಡುವುದು ಲೇಸು. ಹಬ್ಬದ ಭಜ್ಜಿಗೂ ಇದಕ್ಕೂ ಸಂಬಂಧವಿಲ್ಲ, ಕಾಲದ ಗುರುತಿಗಷ್ಟೇ ಹೇಳಿದ್ದು.

ರೋಗದ ಪ್ರಶ್ನೆಗೆ ಇಷ್ಟು ಸಲೀಸಾದ ಉತ್ತರವಿಲ್ಲ. ಊರ ಗಟಾರದಲ್ಲಿ ಅಲೆಯುವ ಹಂದಿಯ ಮಾಂಸದಲ್ಲಿ ಲಾಡಿಹುಳುವಿನ ಕೋಶಗಳಿರುವ ಸಾಧ್ಯತೆ ನಿಜ. ಆ ಹುಳುವಿನ ಮೊಟ್ಟೆಗಳು ಮನುಷ್ಯನ ಹೊಟ್ಟೆ ಸೇರಿದರೆ ಮಿದುಳಿನಲ್ಲಿ ಕೋಶಕಟ್ಟಿ ಅಪಸ್ಮಾರ ತರುವುದೂ ನಿಜ. ಜೋಳದ ಕಾಳಿನಷ್ಟು ಬಿಳಿ ಗುಳ್ಳೆಗಳು ಕಂಡ ಮಾಂಸವನ್ನು ಯಾವ ಉಪ್ಪೂ ಉದ್ಧಾರ ಮಾಡಲಾರದು, ಎಸೆಯಬೇಕು. ಕಾಣದಿದ್ದರೂ ಸಾಲದು. ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕಿ ಸಾಕಿದ ಹಂದಿಯದನ್ನೇ ಕೊಳ್ಳಬೇಕು, ಉಪ್ಪಿಗೆ ಮೊದಲು ಫ್ರೀಜರಿನಲ್ಲಿ ಮೂರು ವಾರ ಹೆಪ್ಪುಗಟ್ಟಿಸಬೇಕು, ಆಮೇಲೂ ಬೇಯಿಸಿಯೇ ತಿನ್ನಬೇಕು. ಹಂದಿ ಸಾಕಣೆ ಈ ನಾಡಿನಲ್ಲಿ ಕೊರಮರಂಥ, ಹಂದಿಜೋಗಿಗಳಂಥ ಸಮುದಾಯಗಳ ಹೆಗಲಿಗೆ ಬಿದ್ದ ಕಸುಬು. ಹಂದಿ ಹೊಲಸು ಎನ್ನುವ ಊರು ಹಂದಿ ಕಟ್ಟಲು ಅವರಿಗೊಂದು ತುಂಡು ಜಾಗ ಕೊಟ್ಟದ್ದು ಅಪರೂಪ. ಪಶುವೈದ್ಯಕೀಯ ವಿಶ್ವವಿದ್ಯಾಲಯ ಪಕ್ಕದ ಬೀದರಿನಲ್ಲೇ ಇದೆ. ಶುದ್ಧ ಸಾಕಣೆಯ ತಿಳಿವಳಿಕೆಗೆ ದೂರ ಹೋಗಬೇಕಿಲ್ಲ.

ಬಾಟ್ಯುಲಿಸಂ ತಡೆಯಲೆಂದು ಉಪ್ಪಿನ ಜತೆ ಸೇರಿಸುವ ನೈಟ್ರೈಟಿನ ವಿಷಯದಲ್ಲಿ ಎರಡು ತಪ್ಪುಗಳು ನಡೆಯುತ್ತವೆ. ಒಂದು, ಅದು ವಿಷವೆಂದು ಪೂರ್ತಿ ದೂರವಿಡುವುದು. ಇನ್ನೊಂದು, ಹಳೆಯ ಕಾಲದವರು ಪೆಟ್ಲುಪ್ಪು ಬಳಸುತ್ತಿದ್ದರೆಂದು ಪಟಾಕಿಗೋ ಗೊಬ್ಬರಕ್ಕೋ ತಂದದ್ದನ್ನು ಚಿಟಿಕೆ ಹಾಕುವುದು. ಎರಡನೆಯದು ಅಪಾಯ, ಮಾಡಲೇಬಾರದು. ಆಹಾರಕ್ಕೆಂದೇ ಬರುವ ಹದದುಪ್ಪಿನಲ್ಲಿ ಸೋಡಿಯಂ ನೈಟ್ರೈಟ್ ಶೇ 6.25ರಷ್ಟು ಮಾತ್ರ ಇರುತ್ತದೆ, ಕಿಲೋ ಮಾಂಸಕ್ಕೆ 2.5 ಗ್ರಾಂ ಮೀರಬಾರದು. ಪಾರ್ಮಾದವರು ಇದನ್ನು ಬಳಸುವುದೇ ಇಲ್ಲವಲ್ಲ ಎನ್ನಬಹುದು. ಅವರಲ್ಲಿ ಪ್ರತಿ ಡಿಗ್ರಿಯ ಮೇಲೆ ಕಣ್ಣಿಟ್ಟ ಕೋಣೆಗಳಿವೆ, ನಮ್ಮಲ್ಲಿ ಹಾಲು, ಕೊತ್ತಂಬರಿಗೆಂದು ದಿನಕ್ಕೆ ಇಪ್ಪತ್ತು ಸಲ ಬಾಗಿಲು ತೆರೆಯುವ ಫ್ರಿಜ್ಜು ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡಕರುಳಿನ ಕ್ಯಾನ್ಸರಿನ ಸಂಭವ ಶೇ 18ರಷ್ಟು ಏರುತ್ತದೆಂದು ಅದರ ಅಂದಾಜು. ಮನೆಯಲ್ಲಿ ಮಾಡಿದ್ದು, ಉಪ್ಪು ಮಾತ್ರ ಹಾಕಿದ್ದು ಎಂದು ಈ ಪಟ್ಟಿಯಿಂದ ತಪ್ಪಿಸಿಕೊಳ್ಳಲಾಗದು. ಆದರೆ ಇದು ಅನ್ನದ ಹಾಗೆ ಉಣ್ಣುವ ಪದಾರ್ಥವಲ್ಲ. ಉಪ್ಪಿನಕಾಯಿಯ ಹಾಗೆ ತಟ್ಟೆಯ ಅಂಚಿನದು, ಅದೂ ಅಪರೂಪಕ್ಕೆ.

ಆ ತಟ್ಟೆಯ ವಿಷಯಕ್ಕೇ ಬಂದರೆ, ಇಟಲಿಯ ಟಸ್ಕನಿ ಸೀಮೆಯ ರೂಢಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಉಪ್ಪುಪ್ಪಾದ ಮಾಂಸಕ್ಕೆ ಅದು ಒಳ್ಳೆಯ ಜೋಡಿ. ಜೋಳದ ಹಿಟ್ಟಿಗೂ ಸಾಮಾನ್ಯವಾಗಿ ಬಿಸಿನೀರು ಬಿಟ್ಟು ಬೇರೇನೂ ಬೀಳುವುದಿಲ್ಲ. ಕೆನ್ನೆಯ ಮಾಂಸವನ್ನು ಸಣ್ಣಗೆ ಹೆಚ್ಚಿ, ಎಣ್ಣೆ ಹಾಕದೆ ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಗಿಟ್ಟರೆ ತನ್ನ ಕೊಬ್ಬಿನಲ್ಲೇ ಬೇಯುತ್ತದೆ. ಅದು ಗರಿಗರಿಯಾದ ಮೇಲೆ ಅದೇ ಕೊಬ್ಬಿನಲ್ಲಿ ಸೀಳಿದ ಹಸಿಮೆಣಸಿನಕಾಯಿ ಬಾಡಿಸಿ, ಹೆಂಚಿನಿಂದ ಆಗಷ್ಟೇ ಇಳಿದ ರೊಟ್ಟಿಯ ಮೇಲೆ ಸುರುವಬೇಕು. ಉಪ್ಪು ಮತ್ತೆ ಬೇಡ.