ಎಲುಬು ಹಿಡಿಯುವ ತಿರುಪು

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ಮಿತ್ರರೊಬ್ಬರು ಈಚೆಗೆ ಬಿದ್ದುಹೋದ ದವಡೆಹಲ್ಲಿನ ಜಾಗದಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡರು. ಟೈಟೇನಿಯಂ ಲೋಹದ ಸಣ್ಣ ತಿರುಪು ಎಲುಬಿನಲ್ಲಿ ಕೂತಿದೆ. ಆದರೆ ಮೇಲಿನ ಹಲ್ಲನ್ನು ಕೂಡಿಸಲು ಇನ್ನೂ ಎರಡು ತಿಂಗಳು ತಡೆಯಬೇಕೆಂದು ವೈದ್ಯರು ಹೇಳಿದ್ದಾರೆ. "ಹಣ ಕೊಟ್ಟಾಯಿತು, ತಿರುಪೂ ಬಿಗಿಯಾಗಿದೆ, ಇನ್ನೇತಕ್ಕೆ ಕಾಯುವುದು?" ಎಂದು ಅವರು ಕೇಳಿದರು. ಈ ಪ್ರಶ್ನೆ ಇನ್ನೂ ಹಲವರದಾಗಿರಬಹುದಾದ್ದರಿಂದ ನಾವು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇವೆ.

1952ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ರಕ್ತಸಂಚಾರವನ್ನು ನೋಡುವುದಕ್ಕಾಗಿ ಮೊಲದ ಕಾಲಿನ ಎಲುಬಿನಲ್ಲಿ ಟೈಟೇನಿಯಂ ಉಪಕರಣವನ್ನು ಕೂಡಿಸಿದ್ದರು. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಹೋದರೆ ಬರಲೊಲ್ಲದು. ಎಲುಬು ಲೋಹವನ್ನು ಅಪ್ಪಿ ಹಿಡಿದಿತ್ತು. ಆ ಅನುಭವದಿಂದಲೇ 1965ರಲ್ಲಿ ಅವರು ಮನುಷ್ಯನ ದವಡೆಗೆ ಇಂತಹ ತಿರುಪುಗಳನ್ನು ಹಾಕಿದರು. ಆಗಿನ ತಿರುಪುಗಳು ಲೇತಿನಲ್ಲಿ ಕಡೆದವು, ನುಣುಪಾದ ಮೈಯವು. ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಕಾಯಬೇಕಾಗುತ್ತಿತ್ತು.

ನುಣುಪಾದ ಕಾಂಕ್ರೀಟಿಗೆ ಗಿಲಾವು ಮಾಡುವ ಮುನ್ನ ಗಾರೆಯವನು ಉಳಿಯಿಂದ ಕಚ್ಚು ಹೊಡೆಯುವುದನ್ನು ನಾವೆಲ್ಲ ನೋಡಿದ್ದೇವೆ. ಇಲ್ಲಿಯೂ ಅದೇ ನ್ಯಾಯ. ತಿರುಪಿನ ಸುತ್ತ ಹೆಪ್ಪುಗಟ್ಟಿದ ರಕ್ತದಲ್ಲಿ ನವಿರಾದ ನೂಲಿನಂತಹ ಎಳೆಗಳಿರುತ್ತವೆ. ಎಲುಬು ಕಟ್ಟುವ ಜೀವಕೋಶಗಳು ಆ ಎಳೆಗಳನ್ನು ಹಿಡಿದೇ ಲೋಹದ ಬಳಿಗೆ ಸಾಗುತ್ತವೆ. ಮೈ ನುಣುಪಾದರೆ ಎಳೆ ಸುಲಭವಾಗಿ ಕಳಚೀತು, ತರಿಯಾದರೆ ನಿಲ್ಲುತ್ತದೆ. ಮುಂದೆ ಹೊಸ ಎಲುಬು ಆ ಕುಳಿಗಳಲ್ಲಿ ತುಂಬಿ ಬೀಗ ಹಾಕಿದಂತೆ ಕೂರುತ್ತದೆ. ಈ ಕಾರಣಕ್ಕಾಗಿ ಈಗ ತಿರುಪಿಗೆ ಗಡಸು ಪುಡಿಯನ್ನು ರಭಸದಿಂದ ಹೊಡೆದು, ಬಳಿಕ ಆಮ್ಲದಲ್ಲಿ ಅದ್ದುವ ಪದ್ಧತಿಯುಂಟು. ಇಂತಹ ತಿರುಪಿಗೆ ಗಟ್ಟಿ ಎಲುಬಿನಲ್ಲಿ ಆರರಿಂದ ಎಂಟು ವಾರ ಸಾಕಾಗಬಹುದು.

ಹಾಗಾದರೆ ಇನ್ನಷ್ಟು ತರಿ ಮಾಡಬಾರದೇಕೆ? ಒಂದರಿಂದ ಎರಡು ಮೈಕ್ರಾನಿನಷ್ಟು ತರಿಯೇ ಹೆಚ್ಚು ಅನುಕೂಲವೆಂದು ಕಂಡುಬಂದಿದೆ. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಅದನ್ನು ಮೀರಿದರೆ ಹಿಡಿತ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಒಸಡು ಸರಿದು ಒರಟು ಭಾಗ ಹೊರಬಿದ್ದರೆ ರೋಗಾಣುಗಳು ಮನೆಮಾಡುತ್ತವೆ; ತೊಳೆಯುವುದೂ ಕಷ್ಟ.

ಇನ್ನು ಮಿತ್ರರ ಪ್ರಶ್ನೆ. ಮೊದಲ ದಿನದ ಬಿಗಿ ಹಳೆಯ ಎಲುಬು ಒತ್ತಿ ಹಿಡಿದದ್ದು. ಮುಂದಿನ ವಾರಗಳಲ್ಲಿ ಆ ಅಂಚು ಕರಗುತ್ತದೆ, ಹೊಸ ಎಲುಬು ಇನ್ನೂ ಬಲಿತಿರುವುದಿಲ್ಲ. ಆದ್ದರಿಂದ ಮೂರು ನಾಲ್ಕನೆಯ ವಾರದ ಸುಮಾರಿಗೆ ಹಿಡಿತ ಮೊದಲಿಗಿಂತ ಸಡಿಲವಾಗಿರುವುದುಂಟು. ಆಗ ತಿರುಪು ಪದೇ ಪದೇ ಅಲುಗಿದರೆ ಎಲುಬಿನ ಬದಲು ಮೆತ್ತನೆಯ ನಾರು ಬೆಳೆದು, ಇಡೀ ಖರ್ಚು ನೀರಿನಲ್ಲಿ ಹೋದೀತು. ಕೆಲವರಿಗೆ ವೈದ್ಯರೇ ನೋಡಿ ಬೇಗ ಹಲ್ಲು ಕೂಡಿಸುವುದೂ ಉಂಟು. ಆ ತೀರ್ಮಾನ ಅವರಿಗೇ ಬಿಟ್ಟದ್ದು.

ತಿರುಪಿನ ಮೈ ಎಲುಬಿಗೆ ಹಿಡಿಯಲು ಜಾಗ ಕೊಡುತ್ತದೆ. ಹಿಡಿಯಬೇಕಾದದ್ದು ನಮ್ಮ ದೇಹವೇ. ಬೀಡಿ ಸಿಗರೇಟು ಬಿಟ್ಟು, ಸಕ್ಕರೆ ರೋಗವಿದ್ದರೆ ಹತೋಟಿಯಲ್ಲಿಟ್ಟು, ಆ ಬದಿಯಲ್ಲಿ ಗಟ್ಟಿ ಪದಾರ್ಥ ಅಗಿಯದೆ ಹೇಳಿದಷ್ಟು ದಿನ ತಾಳುವುದೇ ಲೇಸು.