ಮಂಜುಗಡ್ಡೆಯ ಮೇಲೆ ಕೂಡಿ ಕಳೆಯುವ ಲೆಕ್ಕ

ಆಟ ನೋಡಲು ಹೊರಟವರು ಕಡಲೆಕಾಯಿ ಪೊಟ್ಟಣ ಕಟ್ಟಿಕೊಳ್ಳುವುದು ಗೊತ್ತು. ಪೆನ್ಸಿಲು ಮತ್ತು ಗೆರೆ ಹಾಕಿದ ಪುಸ್ತಕ ಹಿಡಿದು ಹೋಗುವುದನ್ನು ಕಂಡಿದ್ದೀರಾ? ಕಳೆದ ಶತಮಾನದ ನಡುಭಾಗದಲ್ಲಿ ನಾರ್ವೆಯ ಓಸ್ಲೊ ನಗರದ ಬಿಸ್ಲೆಟ್ ಕ್ರೀಡಾಂಗಣದಲ್ಲಿ ಇದು ಮಾಮೂಲಿ ನೋಟವಾಗಿತ್ತು. ಉಣ್ಣೆ ಟೋಪಿ, ದಪ್ಪ ಕೋಟು ತೊಟ್ಟ ಜನ ಕೊರೆಯುವ ಚಳಿಯಲ್ಲಿ ನಿಂತು, ಸ್ಕೇಟರ್ ಒಬ್ಬ 400 ಮೀಟರಿನ ಒಂದೊಂದು ಸುತ್ತು ಮುಗಿಸಿದಾಗಲೂ ಆ ಸುತ್ತಿನ ಸಮಯವನ್ನು ತಮ್ಮ ಕೋಷ್ಟಕದಲ್ಲಿ ತುಂಬಿಕೊಳ್ಳುತ್ತಿದ್ದರು. ಬರಲಾಗದವರು ಮನೆಯಲ್ಲಿ ರೇಡಿಯೊ ಮುಂದೆ ಕೂತು ಅದೇ ಕೆಲಸ ಮಾಡುತ್ತಿದ್ದರು. ಅವರೆಲ್ಲ ಕಾಯುತ್ತಿದ್ದದ್ದು ಯಾರು ಮೊದಲು ಗೆರೆ ಮುಟ್ಟುತ್ತಾರೆ ಎಂಬುದಕ್ಕಲ್ಲ, ಕೊನೆಗೆ ಯಾರ ಮೊತ್ತ ಕಡಿಮೆಯಾಗುತ್ತದೆ ಎಂಬುದಕ್ಕೆ.

ಆಲ್‌ರೌಂಡರ್ ಎಂದರೆ ನಮ್ಮ ಕಿವಿಗೆ ಕೇಳುವುದು ಕ್ರಿಕೆಟ್. ಬ್ಯಾಟೂ ಬೀಸುವ, ಚೆಂಡೂ ಎಸೆಯುವ ಕಪಿಲ್ ದೇವ್, ರೋಜರ್ ಬಿನ್ನಿಯಂಥವರು. ಮಂಜುಗಡ್ಡೆಯ ಮೇಲೆ ವೇಗವಾಗಿ ಜಾರುವ ಸ್ಪೀಡ್ ಸ್ಕೇಟಿಂಗ್‌ನಲ್ಲಿ ಈ ಮಾತಿಗೆ ಬೇರೆ ಅರ್ಥವಿದೆ. ಎರಡು ದಿನಗಳಲ್ಲಿ ನಾಲ್ಕು ಓಟ: ಮೊದಲ ದಿನ 500 ಮೀಟರ್ ಮತ್ತು 5,000 ಮೀಟರ್, ಮರುದಿನ 1,500 ಮತ್ತು 10,000 ಮೀಟರ್. ಮೊದಲಿನದು ಮುಗಿಯಲು ಮುಕ್ಕಾಲು ನಿಮಿಷವೂ ಬೇಡ. ಕೊನೆಯದಕ್ಕೆ 25 ಸುತ್ತು, ಹದಿಮೂರು ಹದಿನಾಲ್ಕು ನಿಮಿಷ. ಒಂದಕ್ಕೆ ಸಿಡಿಲಿನಂತೆ ಚಿಮ್ಮುವ ತೊಡೆ ಬೇಕು, ಇನ್ನೊಂದಕ್ಕೆ ಬತ್ತದ ಉಸಿರು. ಒಂದಕ್ಕೆ ನೆರವಾಗುವ ಮೈಕಟ್ಟು ಇನ್ನೊಂದಕ್ಕೆ ಭಾರ. ಈ ಎರಡನ್ನೂ ಒಂದೇ ಮೈಯಲ್ಲಿ ಹೊತ್ತ ಮನುಷ್ಯ ಯಾರು ಎಂದು ಹುಡುಕುವ ಪಂದ್ಯವೇ ವಿಶ್ವ ಆಲ್‌ರೌಂಡ್ ಚಾಂಪಿಯನ್‌ಶಿಪ್. ಇದರ ನೂರಮೂವತ್ತು ವರ್ಷಗಳ ಚರಿತ್ರೆ ಒಂದು ರೀತಿಯಲ್ಲಿ ಲೆಕ್ಕ ತಪ್ಪಿ, ಮತ್ತೆ ಸರಿಪಡಿಸಿಕೊಂಡ ಚರಿತ್ರೆ.

ಆರಂಭ 1889ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಆಗಿನ್ನೂ ಅಂತರರಾಷ್ಟ್ರೀಯ ಸಂಸ್ಥೆ ಇರಲಿಲ್ಲ, ದೂರವನ್ನು ಅಳೆಯುತ್ತಿದ್ದದ್ದು ಮೈಲಿಗಳಲ್ಲಿ. ರಷ್ಯಾದ ಅಲೆಕ್ಸಾಂಡರ್ ಪಾನ್‌ಶಿನ್ ಎಲ್ಲರಿಗಿಂತ ಮುಂದಿದ್ದರೂ ಅವರಿಗೆ ವಿಶ್ವ ಚಾಂಪಿಯನ್ ಎಂಬ ಬಿರುದು ಸಿಗಲಿಲ್ಲ, ನಿಯಮ ಅಷ್ಟು ಬಿಗಿಯಾಗಿತ್ತು. ಎರಡು ವರ್ಷ ಕಳೆದು ಅಮೆರಿಕದ ಜೋ ಡಾನಹ್ಯೂ ಇಟ್ಟ ಎಲ್ಲ ಓಟಗಳನ್ನೂ ಗೆದ್ದು ವಾದಕ್ಕೆ ಎಡೆಯೇ ಇಲ್ಲದಂತೆ ಮಾಡಿದರು. 1892ರಲ್ಲಿ ನೆದರ್ಲೆಂಡ್ಸ್‌ನ ಸ್ಕೆವೆನಿಂಗೆನ್ ಎಂಬ ಕಡಲತೀರದ ಊರಿನಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹುಟ್ಟಿತು. ಮರುವರ್ಷ ಮೊದಲ ಅಧಿಕೃತ ಪಂದ್ಯ ನಡೆಯಿತು. ಗೆದ್ದವರು ಹತ್ತೊಂಬತ್ತರ ಹರೆಯದ ಡಚ್ ಹುಡುಗ ಯಾಪ್ ಏಡೆನ್.

ಏಡೆನ್ 1895 ಮತ್ತು 1896ರಲ್ಲೂ ವಿಶ್ವ ಚಾಂಪಿಯನ್ ಆದರು. ನಡುವೆ ಬೇಸಿಗೆಯಲ್ಲಿ ಸೈಕಲ್ ಹತ್ತಿ ಅದರಲ್ಲೂ ವಿಶ್ವ ಚಾಂಪಿಯನ್ ಪಟ್ಟ ತಂದರು. ಬಂದ ದುಡ್ಡು ನಿಲ್ಲಲಿಲ್ಲ. 1925ರಲ್ಲಿ, ಐವತ್ತೊಂದರ ವಯಸ್ಸಿನಲ್ಲಿ, ಬಡತನದಲ್ಲೇ ತೀರಿಕೊಂಡರು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1961ರಲ್ಲಿ ತೆರೆದ, ಆ ದೇಶದ ಮೊದಲ 400 ಮೀಟರ್ ಕೃತಕ ಮಂಜುಗಡ್ಡೆಯ ಅಂಗಳಕ್ಕೆ ಅವರದೇ ಹೆಸರಿದೆ.

ಮೊದಲಿನ ನಿಯಮ ಸರಳವಾಗಿತ್ತು, ಆದರೆ ಕ್ರೂರವಾಗಿತ್ತು. ನಾಲ್ಕರಲ್ಲಿ ಮೂರು ಓಟ ಗೆದ್ದರೆ ಚಾಂಪಿಯನ್, ಇಲ್ಲದಿದ್ದರೆ ಯಾರೂ ಅಲ್ಲ. ಹಾಗಾಗಿ 1894ರಲ್ಲಿ ಸ್ಟಾಕ್‌ಹೋಮ್‌ಗೆ ಬಂದವರೆಲ್ಲ ಚಾಂಪಿಯನ್ ಇಲ್ಲದೆ ವಾಪಸಾದರು. 1902, 1903, 1906, 1907ರಲ್ಲೂ ಇದೇ ಕಥೆ. ಮದುವೆ ಮನೆಗೆ ಹೋಗಿ ಉಂಡು ಬಂದೆವು, ಮದುವೆ ಮಾತ್ರ ಆಗಲಿಲ್ಲ ಎಂಬಂಥ ಸ್ಥಿತಿ. 1908ರಲ್ಲಿ ಪಟ್ಟು ಸಡಿಲಿಸಿ, ಪ್ರತಿ ಓಟದಲ್ಲಿ ಬಂದ ಸ್ಥಾನಕ್ಕೆ ಅಂಕ ಕೊಡುವ ಪದ್ಧತಿ ತಂದರು. ಅದರಲ್ಲೂ ಒಂದು ದೋಷವಿತ್ತು: ಕೂದಲೆಳೆಯಲ್ಲಿ ಸೋತವನೂ ಹತ್ತು ಸೆಕೆಂಡು ಹಿಂದೆ ಬಿದ್ದವನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದರು.

1920ರ ದಶಕದ ಕೊನೆಗೆ ನೆಲೆಗೊಂಡದ್ದು ಇಂದಿಗೂ ನಡೆಯುತ್ತಿರುವ ಲೆಕ್ಕ. ಹೆಸರು ಸಮಾಲಾಗ್. ಎಲ್ಲ ಓಟಗಳ ಸಮಯವನ್ನೂ 500 ಮೀಟರಿಗೆ ಇಳಿಸುವುದೇ ಇದರ ಗುಟ್ಟು. 1,500ರ ಸಮಯವನ್ನು ಮೂರರಿಂದ, 5,000ದ್ದನ್ನು ಹತ್ತರಿಂದ, 10,000ದ್ದನ್ನು ಇಪ್ಪತ್ತರಿಂದ ಭಾಗಿಸಿ ಕೂಡಿದರಾಯಿತು. ಸುಮ್ಮನೆ ಒಂದು ಉದಾಹರಣೆ ಕಟ್ಟೋಣ. ಒಬ್ಬ 500 ಮೀಟರನ್ನು 40 ಸೆಕೆಂಡಿನಲ್ಲಿ ಮುಗಿಸಿದ, ಅಂಕ 40. 1,500ಕ್ಕೆ ಎರಡು ನಿಮಿಷ, ಅಂದರೆ 120 ಸೆಕೆಂಡು; ಅದೂ 40 ಅಂಕ. 5,000ಕ್ಕೆ ಏಳು ನಿಮಿಷವಾದರೆ 42. 10,000ಕ್ಕೆ ಹದಿನಾಲ್ಕೂವರೆ ನಿಮಿಷವಾದರೆ 43.5. ಒಟ್ಟು 165.5. ಎಲ್ಲರಿಗಿಂತ ಕಡಿಮೆ ಮೊತ್ತದವನಿಗೆ ಪಟ್ಟ.

ನೋಡಲು ಅಂಗಡಿ ಚೀಟಿಯ ಲೆಕ್ಕ. ಆದರೆ ನಾಟಕವೆಲ್ಲ ಇರುವುದು ಇಲ್ಲೇ. 500 ಮೀಟರಿನಲ್ಲಿ ಒಂದು ಸೆಕೆಂಡು ಕಳೆದುಕೊಂಡವನು ಆ ಸಾಲ ತೀರಿಸಲು 10,000 ಮೀಟರಿನಲ್ಲಿ ಇಪ್ಪತ್ತು ಸೆಕೆಂಡು ದುಡಿಯಬೇಕು. ಮೂರು ಓಟ ಮುಗಿದಾಗ ಇಬ್ಬರ ನಡುವೆ ಅರ್ಧ ಅಂಕದ ಅಂತರವಿದ್ದರೆ, ಕೊನೆಯ ಓಟಕ್ಕೆ ನಿಲ್ಲುವಾಗಲೇ ಹಿಂದಿನವನಿಗೆ ಗೊತ್ತು: ನಾನು ಇವನನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಹಿಂದಕ್ಕೆ ಹಾಕಬೇಕು. 25 ಸುತ್ತಿಗೆ ಹಂಚಿದರೆ ಸುತ್ತಿಗೆ 0.4 ಸೆಕೆಂಡು. ಮುಂದಿನವನು ಓಟ ಗೆಲ್ಲಬೇಕಾಗಿಯೇ ಇಲ್ಲ, ಬಿಗಿಹಿಡಿದು ಸೋತರೂ ಸಾಕು. ಬಿಸ್ಲೆಟ್‌ನ ಪೆನ್ಸಿಲುಗಳು ಓಡುತ್ತಿದ್ದದ್ದು ಈ 0.4ರ ಬೆನ್ನು ಹತ್ತಿ. ಕೊನೆಯ ಓಟಕ್ಕೆ ಈಗ ಅರ್ಹತೆ ಪಡೆಯುವವರು ಮುಂದಿನ ಎಂಟು ಮಂದಿ ಮಾತ್ರ.

ಒಂದು ಸಲಕ್ಕೆ ಮಂಜುಗಡ್ಡೆಯ ಮೇಲೆ ಇಬ್ಬರೇ ಇರುತ್ತಾರೆ, ಒಳಗಿನ ಲೇನಿನಲ್ಲಿ ಒಬ್ಬ, ಹೊರಗಿನದರಲ್ಲಿ ಇನ್ನೊಬ್ಬ. ದೂರ ಸಮವಾಗಲೆಂದು ಪ್ರತಿ ಸುತ್ತಿನಲ್ಲೂ ಲೇನ್ ಬದಲಿಸುತ್ತಾರೆ. ಇಬ್ಬರೂ ಒಟ್ಟಿಗೆ ಬಂದರೆ ಒಳಗಿನಿಂದ ಹೊರಬರುವವನು ದಾರಿ ಬಿಡಬೇಕು. ತಪ್ಪಾದ ಲೇನಿಗೆ ಹೋದವನು ಪಂದ್ಯದಿಂದಲೇ ಹೊರಕ್ಕೆ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನ 10,000 ಮೀಟರಿನಲ್ಲಿ ಡಚ್ಚರ ಸ್ವೆನ್ ಕ್ರಾಮರ್ ಎಲ್ಲರಿಗಿಂತ ಕಡಿಮೆ ಸಮಯದಲ್ಲಿ ಮುಗಿಸಿದರೂ ಚಿನ್ನ ಕಳೆದುಕೊಂಡದ್ದು ಹೀಗೆಯೇ. ಸ್ವಂತ ತರಬೇತುದಾರನೇ ಕೂಗಿ ತಪ್ಪು ಲೇನಿಗೆ ಕಳಿಸಿದ್ದ. ಅದೇ ಕ್ರಾಮರ್ 2007ರಿಂದ 2017ರ ನಡುವೆ ಒಂಬತ್ತು ಬಾರಿ ವಿಶ್ವ ಆಲ್‌ರೌಂಡ್ ಚಾಂಪಿಯನ್. ಪುರುಷರಲ್ಲಿ ಬೇರೆ ಯಾರೂ ಅದರ ಹತ್ತಿರವಿಲ್ಲ.

ಅವರಿಗಿಂತ ಮೊದಲಿನ ಎತ್ತರ ಐದು. ಒಬ್ಬರು 1908ರಿಂದ 1914ರೊಳಗೆ ಐದು ಗೆದ್ದ ನಾರ್ವೆಯ ಆಸ್ಕರ್ ಮಾಥಿಸೆನ್. ಸ್ವಿಟ್ಜರ್ಲೆಂಡಿನ ದಾವೋಸ್‌ನ ಎತ್ತರದ ಅಂಗಳದಲ್ಲಿ 1914ರಲ್ಲಿ ಅವರು 1,500 ಮೀಟರಿಗೆ ಬರೆದ 2 ನಿಮಿಷ 17.4 ಸೆಕೆಂಡಿನ ದಾಖಲೆ 23 ವರ್ಷ ಅಲುಗಾಡಲಿಲ್ಲ. ಇನ್ನೊಬ್ಬರು ಫಿನ್ಲೆಂಡಿನ ಕ್ಲಾಸ್ ಥುನ್‌ಬರ್ಗ್. 1924ರ ಶಾಮೊನಿ ಒಲಿಂಪಿಕ್ಸ್‌ನಲ್ಲಿ ಆಲ್‌ರೌಂಡ್‌ಗೆ ಪ್ರತ್ಯೇಕ ಪದಕವಿತ್ತು, ಅದನ್ನೂ ಅವರೇ ಗೆದ್ದರು. ಆಮೇಲೆ ಒಲಿಂಪಿಕ್ಸ್ ಆ ಪದಕವನ್ನು ಕೈಬಿಟ್ಟಿತು, ಮರಳಿ ತರಲೇ ಇಲ್ಲ. ನಮ್ಮಂಥ ಬಿಸಿಲ ನಾಡಿನವರಿಗೆ ಈ ಪಂದ್ಯದ ಹೆಸರೇ ಕೇಳಿಸದೆ ಹೋದದ್ದು ಬಹುಶಃ ಆ ಕಾರಣಕ್ಕೇ.

ಯುದ್ಧಗಳು ಪಟ್ಟಿಯಲ್ಲಿ ಬಿಟ್ಟ ಖಾಲಿ ಸಾಲುಗಳಿವೆ. ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಕೊನೆಯ ಚಾಂಪಿಯನ್, 1939ರಲ್ಲಿ ತವರಿನ ಹೆಲ್ಸಿಂಕಿಯಲ್ಲೇ ಗೆದ್ದ ಬಿರ್ಗರ್ ವಾಸೇನಿಯಸ್. ಮರುವರ್ಷದ ಜನವರಿಯ ಹೊತ್ತಿಗೆ ಸೋವಿಯತ್ ಸೇನೆಯ ಎದುರು ಫಿನ್ಲೆಂಡ್ ನಡೆಸಿದ ಚಳಿಗಾಲದ ಯುದ್ಧದಲ್ಲಿ ಅವರು ಮಡಿದಿದ್ದರು.

ಮಹಿಳೆಯರಿಗೆ ಬಾಗಿಲು ತೆರೆದದ್ದು ಬಹಳ ತಡವಾಗಿ. ಮೊದಲ ಅಧಿಕೃತ ಪಟ್ಟ 1936ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ, ಅಮೆರಿಕದ ಕಿಟ್ ಕ್ಲೈನ್ ಅವರಿಗೆ. ಯುದ್ಧ ಮುಗಿದ ಮೇಲೆ ಸೋವಿಯತ್ ಹೆಂಗಸರ ಕಾಲ. ಮರಿಯಾ ಇಸಕೋವಾ 1948ರಿಂದ ಸತತ ಮೂರು ಗೆದ್ದರು. ಕ್ಷಯವನ್ನು ಗೆದ್ದು ಬಂದ ಇಂಗಾ ಅರ್ತಮೊನೊವಾ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆಗಿ, 1966ರ ಜನವರಿಯಲ್ಲಿ ಇಪ್ಪತ್ತೊಂಬತ್ತರ ವಯಸ್ಸಿಗೇ ಗಂಡನ ಕೈಯಿಂದ ಕೊಲೆಯಾದರು. ಮುಂದೆ ಜರ್ಮನಿಯ ಗುಂಡಾ ನೀಮನ್ ಎಂಟು, ಡಚ್ಚರ ಇರೇನ್ ವೂಸ್ಟ್ ಏಳು ಪಟ್ಟ ಗೆದ್ದರು.

ಸಂಖ್ಯೆ ಏನೇ ಹೇಳಲಿ, ಈ ಪಟ್ಟಿಯಲ್ಲಿ ನನ್ನ ಮನಸ್ಸು ನಿಲ್ಲುವುದು ಆಚೆ ಕ್ಯೂಲನ್ ಡೀಲ್ಸ್ಟ್ರಾ ಹೆಸರಿನ ಬಳಿ. ನೆದರ್ಲೆಂಡ್ಸ್‌ನ ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ರೈತ ಮನೆಯ ಹೆಂಗಸು, ಮೂರು ಮಕ್ಕಳ ತಾಯಿ. 1970ರಲ್ಲಿ ಮೊದಲ ಬಾರಿ ವಿಶ್ವ ಚಾಂಪಿಯನ್ ಆದಾಗ ವಯಸ್ಸು ಮೂವತ್ತೊಂದು. ಆ ವಯಸ್ಸಿಗೆ ಹೆಚ್ಚಿನವರು ಸ್ಕೇಟು ಅಟ್ಟಕ್ಕೆ ಹಾಕಿರುತ್ತಾರೆ. ಈಕೆ ಮತ್ತೆ 1972, 1973, 1974ರಲ್ಲಿ ಗೆದ್ದರು.

ಡಚ್ಚರ ಮಾತು ಬಂತು. ಕಾಲುವೆಗಳ ಮೇಲೆ ಜಾರುವುದು ಅವರಿಗೆ ರಕ್ತಗತ ಎನ್ನುತ್ತಾರೆ. ಆದರೆ ಪುರುಷರಲ್ಲಿ 1905ರ ಕೂನ್ ಡ ಕೋನಿಂಗ್ ನಂತರ 56 ವರ್ಷ ಅವರಿಗೆ ಒಬ್ಬ ಚಾಂಪಿಯನ್ ಇರಲಿಲ್ಲ. ಕಾರಣ ಸರಳ: ಕಡಲ ಗಾಳಿಯ ಆ ನಾಡಿನಲ್ಲಿ ಕಾಲುವೆ ಪ್ರತಿ ವರ್ಷ ಹೆಪ್ಪುಗಟ್ಟುವ ಭರವಸೆಯಿಲ್ಲ. 1961ರಲ್ಲಿ ಹೆಂಕ್ ವಾನ್ ಡರ್ ಗ್ರಿಫ್ಟ್ ಆ ಬರ ನೀಗಿಸಿದರು. ಕೃತಕ ಮಂಜುಗಡ್ಡೆಯ ಅಂಗಳಗಳು ಬಂದ ಮೇಲೆ ಬೆಳೆ ಕೈಗೆ ಹತ್ತಿತು. ಕೇಸ್ ವರ್ಕರ್ಕ್, ಆರ್ಡ್ ಸ್ಕೆಂಕ್ ಎಂಬ ಜೋಡಿಯನ್ನು ಇಡೀ ದೇಶವೇ ಹೊತ್ತು ಮೆರೆಸಿತು. ಸ್ಕೆಂಕ್ 1972ರ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದರು, 500 ಮೀಟರಿನಲ್ಲಿ ಮಾತ್ರ ಹೊರಟ ಕೂಡಲೇ ಜಾರಿ ಬಿದ್ದರು. ಅದೇ ತಿಂಗಳು ಓಸ್ಲೊದ ವಿಶ್ವ ಪಂದ್ಯದಲ್ಲಿ 500 ಮೀಟರೂ ಸೇರಿ ನಾಲ್ಕಕ್ಕೆ ನಾಲ್ಕೂ ಅವರದೇ. 1912ರಲ್ಲಿ ಮಾಥಿಸೆನ್ ಮಾಡಿದ್ದನ್ನು ಅರವತ್ತು ವರ್ಷದ ಬಳಿಕ ಮಾಡಿ ತೋರಿಸಿದರು. ಹೂವಿನ ದೇಶ ನೋಡಿ, ಕ್ರೋಕಸ್ ಹೂವಿನ ಒಂದು ತಳಿಗೇ ಅವರ ಹೆಸರಿಟ್ಟಿದ್ದಾರೆ.

ಬೆರಗಿನ ಸೋಲು ಯಾವುದು ಎಂದರೆ 1980ರದ್ದು. ಅಮೆರಿಕದ ಎರಿಕ್ ಹೈಡನ್ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿ 500ರಿಂದ 10,000ದವರೆಗೆ ಐದೂ ಚಿನ್ನ ಬಾಚಿ, ಸ್ವಲ್ಪ ದಿನಕ್ಕೆ ವಿಶ್ವ ಆಲ್‌ರೌಂಡ್ ಪಂದ್ಯಕ್ಕೆಂದು ನೆದರ್ಲೆಂಡ್ಸ್‌ನ ಹೇರೆನ್‌ವೀನ್‌ಗೆ ಬಂದರು. ಅದಕ್ಕೆ ಮುಂಚೆ ಮೂರು ವರ್ಷ ಸತತ ವಿಶ್ವ ಚಾಂಪಿಯನ್. ಅಲ್ಲಿ ಅವರನ್ನು ಸೋಲಿಸಿದ್ದು ಹಿಲ್ಬರ್ಟ್ ವಾನ್ ಡರ್ ಡೌಮ್. ಮುಂದಿನ ವರ್ಷ ಯುರೋಪಿಯನ್ ಪಂದ್ಯದಲ್ಲಿ ಸುತ್ತಿನ ಎಣಿಕೆ ತಪ್ಪಿ, ಇನ್ನೂ ಒಂದು ಸುತ್ತಿರುವಾಗಲೇ ಮುಗಿಯಿತೆಂದು ನಿಂತುಬಿಟ್ಟ ಮಹಾಶಯರೂ ಇವರೇ. ಹೈಡನ್ ಸ್ಕೇಟು ಬಿಟ್ಟು ಸೈಕಲ್ ತುಳಿದರು, ಆಮೇಲೆ ಮೂಳೆ ವೈದ್ಯರಾದರು. ತಂಗಿ ಬೆತ್ ಹೈಡನ್ 1979ರಲ್ಲಿ ಮಂಜುಗಡ್ಡೆಯ ಮೇಲೆ, 1980ರಲ್ಲಿ ಸೈಕಲ್ ಮೇಲೆ ವಿಶ್ವ ಚಾಂಪಿಯನ್.

ಹೇರೆನ್‌ವೀನ್‌ನ ಥಿಯಾಲ್ಫ್ ಅಂಗಳಕ್ಕೆ 1986ರಲ್ಲಿ ಚಾವಣಿ ಬಂತು. ಗಾಳಿ, ಹಿಮ, ಬಿಸಿಲಿನ ಅದೃಷ್ಟದಾಟ ಅಲ್ಲಿಗೆ ಮುಗಿಯಿತು. ಹತ್ತು ವರ್ಷಕ್ಕೆ ಇನ್ನೊಂದು ಬದಲಾವಣೆ, ಈ ಬಾರಿ ಕಾಲಡಿಗೆ. ಆಮ್‌ಸ್ಟರ್‌ಡ್ಯಾಮ್‌ನ ವಿಶ್ವವಿದ್ಯಾಲಯವೊಂದರಲ್ಲಿ ರೂಪುಗೊಂಡ ಕ್ಲ್ಯಾಪ್ ಸ್ಕೇಟಿನಲ್ಲಿ ಅಲಗು ಬೂಟಿನ ಮುಂತುದಿಗೆ ಕೀಲಿನಿಂದ ಸೇರಿರುತ್ತದೆ, ಹಿಮ್ಮಡಿಯ ಕಡೆ ಬಿಚ್ಚಿಕೊಳ್ಳುತ್ತದೆ. ನಮ್ಮ ಹವಾಯಿ ಚಪ್ಪಲಿ ನಡೆಯುವಾಗ ಹಿಮ್ಮಡಿಗೆ ಬಡಿಯುತ್ತದಲ್ಲ, ಹಾಗೆ. ಅಲಗು ಮಂಜುಗಡ್ಡೆಗೆ ಇನ್ನಷ್ಟು ಹೊತ್ತು ಅಂಟಿರುವುದರಿಂದ ಪ್ರತಿ ತಳ್ಳಿಗೂ ಬಲ ಹೆಚ್ಚು. 1997ರ ಯುರೋಪಿಯನ್ ಪಂದ್ಯದಲ್ಲಿ ಇದನ್ನು ತೊಟ್ಟ ಟೋನಿ ಡ ಯೋಂಗ್, ಸೋಲೇ ಅರಿಯದಂತಿದ್ದ ನೀಮನ್ ಅವರನ್ನು ಮಣಿಸಿದಾಗ ಎಲ್ಲರೂ ಬೂಟು ಬದಲಿಸಿದರು. ಹಳೆಯ ದಾಖಲೆಗಳು ಒಂದೆರಡು ಚಳಿಗಾಲದಲ್ಲಿ ಉದುರಿಹೋದವು.

ಗಾಲಿಯ ಸ್ಕೇಟಿನಿಂದ ಬಂದವರೂ ಉಂಟು. 2004ರ ಚಾಂಪಿಯನ್ ಚಾಡ್ ಹೆಡ್ರಿಕ್ ಬಿಸಿಲಿನ ಟೆಕ್ಸಾಸ್‌ನಲ್ಲಿ ಗಾಲಿಗಳ ಮೇಲೆ ಬೆಳೆದವರು. ಬೆಂಗಳೂರಿನ ಬಡಾವಣೆಗಳಲ್ಲಿ ಬೆಳಗ್ಗೆ ಬೆಳಗ್ಗೆ ಹೆಲ್ಮೆಟ್ ಹಾಕಿಕೊಂಡು ಜಾರುವ ಮಕ್ಕಳನ್ನು ನೋಡಿದಾಗಲೆಲ್ಲ ಅವರ ನೆನಪಾಗುತ್ತದೆ. ಏಷ್ಯಾಕ್ಕೆ ಮೊದಲ ಪಟ್ಟ ಬಂದದ್ದು 2018ರಲ್ಲಿ. ಆಮ್‌ಸ್ಟರ್‌ಡ್ಯಾಮ್‌ನ 1928ರ ಒಲಿಂಪಿಕ್ ಕ್ರೀಡಾಂಗಣದಲ್ಲಿ, ಬಯಲಿನಲ್ಲೇ ಹಾಸಿದ ತಾತ್ಕಾಲಿಕ ಮಂಜುಗಡ್ಡೆಯ ಮೇಲೆ ಜಪಾನಿನ ಮಿಹೊ ತಕಾಗಿ ಗೆದ್ದರು.

1996ರಲ್ಲಿ ಒಂದೊಂದು ದೂರಕ್ಕೇ ಪ್ರತ್ಯೇಕ ವಿಶ್ವ ಪಂದ್ಯ ಶುರುವಾದ ಮೇಲೆ ಆಲ್‌ರೌಂಡ್‌ನ ವೈಭವ ಇಳಿಯುತ್ತ ಬಂದಿದೆ. ಈಗ ಇದು ಎರಡು ವರ್ಷಕ್ಕೊಮ್ಮೆ. ಒಲಿಂಪಿಕ್ಸ್‌ಗೆ ಬೇಕಾದ ಒಂದೇ ದೂರವನ್ನು ಕಸುಬು ಮಾಡಿಕೊಂಡವರು ಹೆಚ್ಚು, 10,000ಕ್ಕೆ ಮೈ ಸವೆಸುವವರು ಕಡಿಮೆ. ಹೀಗಿರುವಾಗ 2024ರಲ್ಲಿ ಜರ್ಮನಿಯ ಇನ್‌ಜೆಲ್‌ನಲ್ಲಿ ಗೆದ್ದದ್ದು ಅಮೆರಿಕದ ಜೋರ್ಡನ್ ಸ್ಟೋಲ್ಜ್, ಕಡಿಮೆ ದೂರಗಳ ಹುಲಿ ಎಂದೇ ಹೆಸರಾದ ಹುಡುಗ. ಮೂರು ಬಾರಿಯ ಚಾಂಪಿಯನ್, ದೂರದ ಓಟದಲ್ಲಿ ಪಳಗಿದ ಪ್ಯಾಟ್ರಿಕ್ ರೂಸ್ಟ್ ಎರಡನೆಯವರಾದರು. ಸ್ಟೋಲ್ಜ್‌ಗೆ ಆಗ ಹತ್ತೊಂಬತ್ತು, 1893ರ ಏಡೆನ್‌ಗೆ ಇದ್ದಷ್ಟೇ. ಅವನು ಸ್ಕೇಟಿಂಗ್ ಕಲಿತದ್ದು ವಿಸ್ಕಾನ್ಸಿನ್‌ನ ತನ್ನ ಮನೆ ಹಿಂದೆ ಹೆಪ್ಪುಗಟ್ಟುವ ಕೊಳದ ಮೇಲೆ.