ಸತ್ತದ್ದು ಡಿಸೆಂಬರ್, ಸೂಚಿಯಲ್ಲಿ ಮಾರ್ಚ್

ನಮ್ಮ ಹಳೆಯ ಮನೆಗಳಲ್ಲಿ ಮುತ್ತಜ್ಜ ತೀರಿಕೊಂಡದ್ದು ಯಾವಾಗ ಎಂದು ಕೇಳಿದರೆ ‘ಭಾದ್ರಪದ ಬಹುಳ ಪಂಚಮಿ’ ಎಂದು ಥಟ್ಟನೆ ಉತ್ತರ ಬರುತ್ತದೆ. ಯಾವ ಇಸವಿ ಎಂದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಶ್ರಾದ್ಧಕ್ಕೆ ತಿಥಿ ಸಾಕು, ಇಸವಿ ಯಾರಿಗೆ ಬೇಕು? ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಂಶದ ಬೇರು ಹುಡುಕುವವರ ಪಾಡು ಇದಕ್ಕೆ ತಿರುಗಾಮುರುಗಾ. ಅಲ್ಲಿನ ಮರಣ ಸೂಚಿಯಲ್ಲಿ ಇಸವಿ ಸಿಗುತ್ತದೆ, ದಿನ ಸಿಗುವುದಿಲ್ಲ. ಆ ಇಸವಿಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ.

ಅಲ್ಲಿ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಊರಿನ ರಿಜಿಸ್ಟ್ರಾರ್ ಬರೆದದ್ದರ ನಕಲು ಮೂರು ತಿಂಗಳಿಗೊಮ್ಮೆ ಲಂಡನ್ನಿಗೆ ಹೋಗುತ್ತಿತ್ತು. ಅದನ್ನು ನೋಡಿಕೊಂಡು ಗುಮಾಸ್ತರು ದೇಶಕ್ಕೆಲ್ಲ ಒಂದು ಅಕಾರಾದಿ ಸೂಚಿ ತಯಾರಿಸುತ್ತಿದ್ದರು. ಅದರಲ್ಲಿ ಇದ್ದದ್ದು ಹೆಸರು, ನೋಂದಣಿ ಜಿಲ್ಲೆ, ಸಂಪುಟ, ಪುಟ, ಇಷ್ಟೇ. 1866ರಿಂದ ವಯಸ್ಸು ಸೇರಿತು. 1969ರಲ್ಲಿ ವಯಸ್ಸು ಹೋಗಿ ಹುಟ್ಟಿದ ದಿನಾಂಕ ಬಂತು.

ಸೂಚಿಯಲ್ಲಿ ‘ಮಾರ್ಚ್ 1867’ ಎಂದಿದ್ದರೆ ಜನವರಿಯಿಂದ ಮಾರ್ಚ್‌ವರೆಗಿನ ಮೂರು ತಿಂಗಳಲ್ಲಿ ಆ ಸಾವು ನೋಂದಣಿಯಾಯಿತು ಎಂದಷ್ಟೇ ಅರ್ಥ. ಡಿಸೆಂಬರ್ 29ಕ್ಕೆ ಸತ್ತವರ ಮನೆಯವರು ಹೊಸ ವರ್ಷ ಕಳೆದು ಕಚೇರಿಗೆ ಹೋಗಿದ್ದರೆ, 1866ರ ಸಾವು 1867ರ ಸಂಪುಟದಲ್ಲಿ ಕುಳಿತಿರುತ್ತದೆ. ಅಸಹಜ ಸಾವಾಗಿ ವಿಚಾರಣೆ ನಡೆದಿದ್ದರೆ ಇನ್ನೂ ತಡ.

ವಯಸ್ಸಿನ ಲೆಕ್ಕದಲ್ಲಂತೂ ಎಡವದವರೇ ಕಡಿಮೆ. ‘ಮಾರ್ಚ್ 1880, ವಯಸ್ಸು 40’ ಎಂದು ಕಂಡ ಕೂಡಲೇ ಕಳೆದು, ಹುಟ್ಟಿದ್ದು 1840 ಎಂದು ಬರೆದುಬಿಡುತ್ತಾರೆ. ಸಾವು 1879ರ ಡಿಸೆಂಬರ್ ಮತ್ತು 1880ರ ಮಾರ್ಚ್ ನಡುವೆ ಆಗಿದೆ ಎಂದುಕೊಳ್ಳಿ. ಆಗ ಹುಟ್ಟು 1838ರ ಡಿಸೆಂಬರಿನಿಂದ 1840ರ ಮಾರ್ಚ್‌ವರೆಗೆ ಯಾವಾಗ ಬೇಕಾದರೂ ಆಗಿರಬಹುದು. ಈ 16 ತಿಂಗಳಲ್ಲಿ 1840ಕ್ಕೆ ಸೇರಿದವು ಮೂರೇ! ಹುಡುಕಬೇಕಾದದ್ದು ಮೊದಲು 1839ರಲ್ಲಿ.

ಅದೂ ಆ 40 ನಿಜವಾಗಿದ್ದರೆ. ಸತ್ತವರು ತಮ್ಮ ವಯಸ್ಸು ತಾವೇ ಬಂದು ಹೇಳುವುದಿಲ್ಲವಲ್ಲ; ಹೇಳಿದ್ದು ಮಗಳೋ, ಪಕ್ಕದ ಮನೆಯವಳೋ. ಅಂದಾಜಿನಲ್ಲಿ ಹೇಳುವಾಗ ಮನುಷ್ಯರ ನಾಲಿಗೆ ಸೊನ್ನೆ ಮತ್ತು ಐದರಲ್ಲಿ ಕೊನೆಯಾಗುವ ಸಂಖ್ಯೆಗಳ ಕಡೆಗೇ ಜಾರುತ್ತದೆ. ಜನಸಂಖ್ಯಾ ತಜ್ಞರು ಇದನ್ನು ಅಳೆಯಲು ವಿಪಲ್ ಸೂಚ್ಯಂಕ ಬಳಸುತ್ತಾರೆ. ಅಂಥ ಒಲವೇ ಇಲ್ಲದಿದ್ದರೆ ಅಂಕ 100. ಎಲ್ಲರೂ ಸೊನ್ನೆ, ಐದರ ವಯಸ್ಸನ್ನೇ ಹೇಳಿದರೆ 500. ಹಾಗಾಗಿ ಸೂಚಿಯ 60ಕ್ಕಿಂತ 57 ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಜಿಲ್ಲೆಯ ಹೆಸರು ಸಾವು ಸಂಭವಿಸಿದ ಜಾಗದ್ದು, ಬದುಕಿದ ಜಾಗದ್ದಲ್ಲ. ಆಸ್ಪತ್ರೆ ಪಕ್ಕದ ಜಿಲ್ಲೆಯಲ್ಲಿದ್ದರೆ ಹೆಸರೂ ಅಲ್ಲಿಗೇ ಹೋಗುತ್ತದೆ. ಇನ್ನು ಬೆಂಗಳೂರು ದಂಡಿನಲ್ಲಿ ಸತ್ತ ಸೋಲ್ಜರನನ್ನು ಈ ಸೂಚಿಯಲ್ಲಿ ಹುಡುಕುತ್ತ ಕೂತರೆ ಕಣ್ಣು ನೋವೇ ಲಾಭ. ಇಲ್ಲಿನ ಚರ್ಚುಗಳ ಸಮಾಧಿ ದಾಖಲೆಯ ನಕಲುಗಳು ಮದ್ರಾಸ್ ಪ್ರೆಸಿಡೆನ್ಸಿಯ ಲೆಕ್ಕದಲ್ಲಿ ಲಂಡನ್ನಿಗೆ ಹೋದವು. ಈಗ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ.

ಸಂಪುಟ, ಪುಟದ ಸಂಖ್ಯೆ ಕೊಟ್ಟು ಪ್ರಮಾಣಪತ್ರ ತರಿಸಿಕೊಂಡಾಗ ಹೆಚ್ಚಿನವರು ಸಾವಿನ ಕಾರಣ ಓದಿ ಮಡಚಿಡುತ್ತಾರೆ. ನಾನು ಮೊದಲು ನೋಡುವುದು ಮಾಹಿತಿ ಕೊಟ್ಟವರ ಕಾಲಂ. ಅಲ್ಲಿ ಸಹಿಯ ಜಾಗದಲ್ಲಿ ಬರೀ ಒಂದು ‘X’ ಗುರುತಿದ್ದರೆ ಮಾಹಿತಿ ಕೊಟ್ಟವರಿಗೆ ಬಹುಶಃ ಬರೆಯಲು ಬರುತ್ತಿರಲಿಲ್ಲ. ಹಾಗಿದ್ದರೆ ಮನೆತನದ ಹೆಸರಿನ ಅಕ್ಷರಗಳನ್ನು ಆ ದಿನ ನಿರ್ಧರಿಸಿದವನು ರಿಜಿಸ್ಟ್ರಾರನೇ ಇರಬೇಕು, ಕಿವಿಗೆ ಬಿದ್ದ ಹಾಗೆ.